ಪರದೇಶದ ಸ್ಟ್ರೈಕರ್‌ಗೆ ಪಾಸ್ ಕೊಡುವವರು ಯಾರು?

ಬೆಳಗಾವಿಯಲ್ಲಿ ಫುಟ್‌ಬಾಲ್ ಮಾತು ಶುರುವಾದರೆ ಅದು ಎಲ್ಲೆಲ್ಲೋ ಸುತ್ತಿ ಕೊನೆಗೆ ಸ್ಟ್ರೈಕರ್ ಹತ್ತಿರ ಬಂದು ನಿಲ್ಲುತ್ತದೆ. ಯಾರು ಎಷ್ಟು ಗೋಲು ಹೊಡೆದರು, ಯಾರನ್ನು ಯಾವ ಕ್ಲಬ್ ಎಷ್ಟು ಕೋಟಿಗೆ ಕೊಂಡಿತು, ನಮ್ಮವರು ಯಾಕೆ ಅಲ್ಲಿಗೆ ಹೋಗುವುದಿಲ್ಲ. ನಮ್ಮ ಊರಿನ ಸೇನಾ ಪ್ರದೇಶವಾದ ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಹಳೆಯ ಮಿಷನರಿ ಶಾಲೆಗಳಿವೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಈ ಮೂರೂ ಸೇರಿ ನಮ್ಮ ಊರಿಗೆ ಚೆಂಡಿನ ಹುಚ್ಚು ಹಿಡಿಸಿವೆ. ಸೇಂಟ್ ಪಾಲ್ಸ್ ಶಾಲೆಯ ಫಾದರ್ ಎಡ್ಡಿ ಸ್ಮಾರಕ ಟೂರ್ನಿ ನಡೆಯುವಾಗ ಮನೆಯಲ್ಲಿ ಅಜ್ಜಂದಿರೂ ಸ್ಕೋರ್ ಕೇಳುತ್ತಾರೆ. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಸಂಜೆ ನಿಂತರೆ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ನಾಲ್ಕೂ ಭಾಷೆಯಲ್ಲಿ ‘ಪಾಸ್ ಕೊಡು’ ಅನ್ನುವ ಕೂಗು ಕೇಳಿಸುತ್ತದೆ.

ಅಲ್ಲಿ ಆಡುವ ಹುಡುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. “ಕಾಕಾ, ನಮ್ಮ ಮಂದಿ ಯುರೋಪಿನ್ಯಾಗ ಯಾಕ ಆಡಂಗಿಲ್ಲ?”

ಇದಕ್ಕೆ ದೊಡ್ಡವರು ಕೊಡುವ ಉತ್ತರಗಳು ನನಗೆ ಬಾಯಿಪಾಠ ಆಗಿವೆ. ನಮ್ಮವರಿಗೆ ಎತ್ತರ ಇಲ್ಲ, ತಾಕತ್ತು ಇಲ್ಲ, ಊಟ ಸರಿ ಇಲ್ಲ, ವೇಗ ಇಲ್ಲ. ಸ್ವಲ್ಪ ನಿಜ ಇರಬಹುದು. ಆದರೆ ಪರದೇಶಕ್ಕೆ ಹೋದ ಸ್ಟ್ರೈಕರ್‌ಗಳ ಕಥೆಗಳನ್ನು ಓದುತ್ತಾ, ನೋಡುತ್ತಾ ಬಂದ ಮೇಲೆ ನನಗೆ ಅನಿಸಿದ್ದು ಬೇರೆ. ಸ್ಟ್ರೈಕರ್‌ನ ಹೆಸರಿನ ಮುಂದೆ ಬರೆಯುವ ಗೋಲಿನ ಸಂಖ್ಯೆ ಅವನೊಬ್ಬನದಲ್ಲ. ಅದು ಅವನಿಗೆ ಪಾಸ್ ಕೊಟ್ಟವರ ಲೆಕ್ಕವೂ ಹೌದು. ಸ್ವಂತ ಊರಲ್ಲಿದ್ದಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರದೇಶದಲ್ಲಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ನಾನು ಶಾಲೆಯಲ್ಲಿ ಲೆಫ್ಟ್ ವಿಂಗ್ ಆಡುತ್ತಿದ್ದೆ. ಕ್ರಾಸ್ ಕೊಡುವುದು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುವುದು, ನನ್ನ ಕೆಲಸ. ನಮ್ಮ ಸೆಂಟರ್ ಫಾರ್ವರ್ಡ್, ಅಂದರೆ ಸ್ಟ್ರೈಕರ್, ನಮ್ಮ ಓಣಿಯವನೇ. ಅವನು ಯಾವಾಗ ಡಿಫೆಂಡರ್‌ನ ಬೆನ್ನ ಹಿಂದೆ ಸರಿಯುತ್ತಾನೆ, ಯಾವಾಗ ಮುಂದಿನ ಕಂಬದ ಕಡೆ ಓಡುತ್ತಾನೆ ಅನ್ನುವುದು ನನಗೆ ನೋಡದೆಯೂ ಗೊತ್ತಿತ್ತು. ಸಣ್ಣವರಿದ್ದಾಗಿಂದ ಒಟ್ಟಿಗೆ ಆಡಿದ್ದೆವು. ಸ್ಟ್ರೈಕರ್ ಓಟ ಶುರುಮಾಡುವುದು ಚೆಂಡು ಹೊರಡುವ ಮೊದಲು. ಅರ್ಧ ಸೆಕೆಂಡ್ ಬೇಗ ಓಡಿದರೆ ಆಫ್‌ಸೈಡ್. ಅರ್ಧ ಸೆಕೆಂಡ್ ತಡವಾದರೆ ಡಿಫೆಂಡರ್ ಬಂದಾಯಿತು. ಆ ಅರ್ಧ ಸೆಕೆಂಡಿನ ಹೊಂದಾಣಿಕೆ ಇಬ್ಬರ ನಡುವೆ ಇರಬೇಕು. ಇಬ್ಬರಲ್ಲಿ ಒಬ್ಬ ಹೊಸಬ, ಅವನ ಭಾಷೆ ಬೇರೆ, ಅವನ ಹೆಸರನ್ನು ಸರಿಯಾಗಿ ಕರೆಯಲೂ ಉಳಿದವರಿಗೆ ಬರುವುದಿಲ್ಲ ಅಂದರೆ ಏನಾಗಬೇಕು ಹೇಳಿ? ಮೇಲಾಗಿ ಸ್ಟ್ರೈಕರ್ ಸಾಮಾನ್ಯವಾಗಿ ಚೆಂಡು ಮುಟ್ಟುವುದೇ ಕಡಿಮೆ. ಮಿಡ್‌ಫೀಲ್ಡರ್ ಆದರೆ ಹಿಂದೆ ಬಂದು ಚೆಂಡು ಕೇಳಿ ಪಡೆಯಬಹುದು, ತನ್ನ ಆಟ ತೋರಿಸಬಹುದು. ಸ್ಟ್ರೈಕರ್ ಕಾಯಬೇಕು.

ವೆಲ್ಸ್‌ನ ಇಯಾನ್ ರಶ್ ಲಿವರ್‌ಪೂಲ್‌ಗೆ ಗೋಲಿನ ಮೇಲೆ ಗೋಲು ಹೊಡೆದವರು. 1987ರಲ್ಲಿ ಇಟಲಿಯ ಯುವೆಂಟಸ್‌ಗೆ ಹೋದರು. ಒಂದು ಸೀಸನ್‌ನಲ್ಲಿ ಲೀಗ್ ಗೋಲುಗಳು ಬರೀ 7. ಜನ ಅವರನ್ನು ಇಟಲಿಯಲ್ಲಿ ಸೋತವರು ಅಂತ ಬರೆದುಬಿಟ್ಟರು. ಆದರೆ ಅದೇ 1987ರಲ್ಲಿ ಯುವೆಂಟಸ್‌ನ ಮಿಡ್‌ಫೀಲ್ಡ್ ನಡೆಸುತ್ತಿದ್ದ ಮಿಶೆಲ್ ಪ್ಲಾಟಿನಿ ನಿವೃತ್ತರಾಗಿದ್ದರು. ಗೋಲು ಹೊಡೆಯುವವರನ್ನು ತಂದರು, ಪಾಸ್ ಕೊಡುವವರು ಹೊರಟುಹೋದರು. ರಶ್ 1988ರಲ್ಲಿ ಲಿವರ್‌ಪೂಲ್‌ಗೆ ವಾಪಸ್ ಬಂದರು. 1989ರ ಎಫ್ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಸಬ್‌ಸ್ಟಿಟ್ಯೂಟ್ ಆಗಿ ಇಳಿದು ಎರಡು ಗೋಲು ಹೊಡೆದರು. ಕಾಲು ಅವೇ. ಸುತ್ತಲಿನ ಜನ ಬೇರೆ.

ನಮ್ಮ ದೇಶದವರ ಕಡೆಗೆ ಬರೋಣ. ಮೊದಲು ನೆನಪಾಗುವುದು ಕೋಲ್ಕತ್ತದ ಮೊಹಮ್ಮದ್ ಸಲೀಂ. 1936ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಪರ ಬರಿಗಾಲಲ್ಲಿ ಎರಡು ಪಂದ್ಯ ಆಡಿದವರು. ಅವರು ವಿಂಗರ್, ಸ್ಟ್ರೈಕರ್ ಅಲ್ಲ. ಜನರಿಗೆ ಅವರ ಆಟ ಬಹಳ ಹಿಡಿಸಿತು. ಆದರೂ ಊರಿನ ನೆನಪು ತಡೆಯಲಾಗದೆ ವಾಪಸ್ ಬಂದರು. ಅವರ ನಂತರ ಇನ್ನೊಬ್ಬ ಭಾರತೀಯ ಯುರೋಪಿನ ವೃತ್ತಿಪರ ಕ್ಲಬ್ಬಿಗೆ ಆಡಲು 63 ವರ್ಷ ಬೇಕಾಯಿತು.

ಅವರೇ ಬೈಚುಂಗ್ ಭುಟಿಯಾ. ಸಿಕ್ಕಿಂನ ಟಿಂಕಿಟಮ್ ಎಂಬ ಸಣ್ಣ ಊರಿನವರು. 1999ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಜೊತೆ ಸಹಿ ಹಾಕಿದರು. ಬರಿ ಆಗ ಇಂಗ್ಲೆಂಡಿನ ಮೂರನೇ ಹಂತದ ಲೀಗ್‌ನಲ್ಲಿತ್ತು. ಮೂರು ವರ್ಷಗಳಲ್ಲಿ ಲೀಗ್ ಗೋಲುಗಳು 3. ಮಂಡಿಗೆ ಗಾಯ. ಕೊನೆಗೆ ಕ್ಲಬ್ಬೇ ಸಾಲದಲ್ಲಿ ಮುಳುಗಿತು. ಈ 3 ಅನ್ನುವ ಅಂಕಿಯನ್ನು ಹಿಡಿದುಕೊಂಡು ಭುಟಿಯಾ ಅಲ್ಲಿ ಏನೂ ಮಾಡಲಿಲ್ಲ ಅನ್ನುವವರನ್ನು ನಾನು ಬಹಳ ಕಂಡಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಆ ಮೂರನೇ ಹಂತದ ಆಟ ಹೇಗಿರುತ್ತದೆ ಯೋಚಿಸಿ. ಚಳಿ, ಕೆಸರು, ಹಿಂದಿನಿಂದ ಎತ್ತರಕ್ಕೆ ಬರುವ ಉದ್ದನೆಯ ಚೆಂಡು, ಅದಕ್ಕೆ ಹಾರುವ ಆರಡಿ ಮೀರಿದ ಡಿಫೆಂಡರ್‌ಗಳು. ಭುಟಿಯಾ ನೆಲದ ಮೇಲೆ ಚೆಂಡು ಬೇಡುವ ಆಟಗಾರ. ಬಾಕ್ಸ್‌ನ ಸಣ್ಣ ಜಾಗದಲ್ಲಿ ತಿರುಗುವುದೇ ಅವರ ಶಕ್ತಿ. ಆ ಲೀಗ್‌ನಲ್ಲಿ ಅಂಥ ಚೆಂಡು ಸಿಗುವುದು ಅಪರೂಪ. ಅವರು ಬಿಟ್ಟು ಬರಲಿಲ್ಲ, ಮೂರು ವರ್ಷ ನಿಂತರು. ಆಮೇಲೆ ಮಲೇಷ್ಯಾದ ಪೆರಾಕ್‌ಗೂ ಹೋಗಿ ಆಡಿದರು.

ಸುನಿಲ್ ಚೆಟ್ರಿ ಕಥೆ ಇನ್ನೂ ಕಷ್ಟದ್ದು. ನಮ್ಮ ಕ್ಯಾಂಪಿನ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಚೆಟ್ರಿ ಅವರ ತಂದೆ ಸೇನೆಯವರು. ತಂದೆಗೆ ವರ್ಗವಾದಂತೆ ಮನೆ ಬದಲು, ಶಾಲೆ ಬದಲು, ಗೆಳೆಯರು ಬದಲು. ಹೊಸ ಮೈದಾನದಲ್ಲಿ ಗುರುತಿಲ್ಲದ ಹುಡುಗರ ನಡುವೆ ನಿಂತು ‘ನನಗೂ ಪಾಸ್ ಕೊಡಿ’ ಅನ್ನುವ ಕೆಲಸ ಈ ಮಕ್ಕಳಿಗೆ ಚಿಕ್ಕಂದಿನಿಂದ ಅಭ್ಯಾಸ. ಇಲ್ಲಿ ಲೇಲೆ ಮೈದಾನಕ್ಕೆ ಬರುವ ಸೈನಿಕರ ಮಕ್ಕಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ. ಬಂದ ಎರಡನೇ ದಿನಕ್ಕೇ ಅವರು ಎಲ್ಲರ ಹೆಸರು ಕಲಿತಿರುತ್ತಾರೆ.

2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಚೆಟ್ರಿ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಮೂರು ವರ್ಷದ ಮಾತು. ಆದರೆ ವರ್ಕ್ ಪರ್ಮಿಟ್ ಸಿಗಲಿಲ್ಲ. ಬ್ರಿಟನ್ನಿನ ಆಗಿನ ನಿಯಮದ ಪ್ರಕಾರ ಆಟಗಾರನ ದೇಶ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ರ್‍ಯಾಂಕಿಂಗ್ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕಿತ್ತು. ಭಾರತ ಅದರ ಹತ್ತಿರದಲ್ಲೂ ಇರಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಒಬ್ಬ ಸ್ಟ್ರೈಕರ್‌ನ ಕೆಲಸ ತಪ್ಪಿದ್ದು ಅವನ ಕಾಲಿನಿಂದಲ್ಲ. ಉಳಿದ ಹತ್ತು ಜನರ, ಇಡೀ ದೇಶದ ಫುಟ್‌ಬಾಲ್ ವ್ಯವಸ್ಥೆಯ ಅಂಕಪಟ್ಟಿಯಿಂದ. ಚಿಕ್ಕ ಮಕ್ಕಳ ಲೀಗ್ ನಡೆಸದ ಜಿಲ್ಲೆಗಳು, ಹುಲ್ಲಿಲ್ಲದ ಮೈದಾನಗಳು, ಕೋಚ್‌ಗಳಿಗೆ ಸಂಬಳ ಕೊಡದ ಸಂಸ್ಥೆಗಳು ಎಲ್ಲ ಸೇರಿ ಆ ಹುಡುಗನ ವೀಸಾ ನಿಲ್ಲಿಸಿದವು ಅಂತಲೇ ನಾನು ನಂಬುತ್ತೇನೆ.

2010ರಲ್ಲಿ ಅವರು ಅಮೆರಿಕದ ಕ್ಯಾನ್ಸಾಸ್ ಸಿಟಿ ವಿಜಾರ್ಡ್ಸ್‌ಗೆ ಹೋದರು. ಲೀಗ್ ಪಂದ್ಯದಲ್ಲಿ ಒಂದು ನಿಮಿಷವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್. ರೊನಾಲ್ಡೊ ಬೆಳೆದ ಕ್ಲಬ್. ಅಲ್ಲಿನ ಕೋಚ್ ಕೆಲವೇ ದಿನಗಳಲ್ಲಿ, ನೀನು ಮುಖ್ಯ ತಂಡಕ್ಕೆ ಸಾಲುವುದಿಲ್ಲ, ಬಿ ತಂಡಕ್ಕೆ ಹೋಗು ಅಂದರು. ಆ ಮಾತು ಸರಿಯಾಗಿಯೇ ಇತ್ತು ಅಂತ ಚೆಟ್ರಿ ತಾವೇ ಮುಂದೆ ಹೇಳಿದ್ದಾರೆ. ಬಿ ತಂಡದಲ್ಲಿ ಸಿಕ್ಕಿದ್ದು ಮೂರು ಪಂದ್ಯ. ಅಷ್ಟೇ. 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಬಂದರು. ಅದೇ ವರ್ಷ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಸೀಸನ್‌ನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಫೈನಲ್. ಭಾರತದ ಕ್ಲಬ್ ಒಂದು ಅಲ್ಲಿಯ ತನಕ ಹೋಗಿದ್ದು ಅದೇ ಮೊದಲು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಜೆರ್ಸಿ ಬಿಟ್ಟಾಗ ಅವರ ಹೆಸರಲ್ಲಿ 151 ಪಂದ್ಯ, 94 ಗೋಲು ಇದ್ದವು. ಮುಂದಿನ ವರ್ಷ ಮತ್ತೆ ಕರೆದರು, ಮತ್ತೆ ಬಂದರು. ವಯಸ್ಸು 40 ದಾಟಿತ್ತು. ಇನ್ನೊಬ್ಬ ಸ್ಟ್ರೈಕರ್ ತಯಾರಾಗಿರಲಿಲ್ಲ ಅನ್ನುವುದು ಅದರ ಹಿಂದಿನ ನೋವು. ಪರದೇಶದ ಆ ಎರಡು ಪ್ರಯತ್ನಗಳನ್ನು ವ್ಯರ್ಥ ಅಂತ ನಾನು ಯಾವತ್ತೂ ಒಪ್ಪಿಲ್ಲ. ಬೆಂಚಿನಲ್ಲಿ ಕೂತು ಅವರು ಊಟ ಕಲಿತರು, ನಿದ್ದೆ ಕಲಿತರು, ದೇಹ ಕಾಪಾಡುವುದು ಕಲಿತರು. 40ರಲ್ಲೂ ಆಡುವ ದೇಹ ಸುಮ್ನೆ ಬರುತ್ತದಾ?

ಹೆಣ್ಣುಮಕ್ಕಳ ಕಥೆ ಹೇಳದೆ ಮುಂದೆ ಹೋಗಲಾರೆ. ಮಣಿಪುರದ ಬಾಲಾ ದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದರು. ಆಕೆ ಕೂಡ ಸ್ಟ್ರೈಕರ್, ಮಣಿಪುರ ಪೊಲೀಸ್‌ನಲ್ಲಿ ಕೆಲಸ. ಹೋಗಿ ನೆಲೆಯೂರುವುದರೊಳಗೆ ಕೊರೊನಾ ಬಂತು, ಲೀಗ್ ನಿಂತಿತು. ಮೊದಲ ಗೋಲು ಬಂದಿದ್ದು ಆ ಡಿಸೆಂಬರ್‌ನಲ್ಲಿ, ಮದರ್‌ವೆಲ್ ವಿರುದ್ಧ. ಜನವರಿಯಿಂದ ಡಿಸೆಂಬರ್ ತನಕ ಆ ಚಳಿಯಲ್ಲಿ, ಬಾಗಿಲು ಮುಚ್ಚಿದ ಊರಲ್ಲಿ ಒಬ್ಬ ಸ್ಟ್ರೈಕರ್ ಗೋಲಿಗಾಗಿ ಕಾದದ್ದನ್ನು ಯೋಚಿಸಿದರೆ ಗಂಟಲು ಕಟ್ಟುತ್ತದೆ. ಬೆಳಗಾವಿಯಲ್ಲಿ ಈಗ ಹುಡುಗಿಯರೂ ಆಡಲು ಬರುತ್ತಿದ್ದಾರೆ. ಅವರಿಗೆ ಮೊದಲು ಹೇಳಬೇಕಾದ ಹೆಸರು ಇದು.

ಇಷ್ಟು ಹೊತ್ತು ಹೊರಗೆ ಹೋದವರ ಮಾತಾಯಿತು. ಆದರೆ ಪರದೇಶದಲ್ಲಿ ಆಡುವ ಸ್ಟ್ರೈಕರ್ ಅಂದರೆ ಹೇಗಿರುತ್ತಾನೆ ಅಂತ ನೋಡಲು ನಮಗೆ ಯುರೋಪ್ ಬೇಕಾಗಿರಲಿಲ್ಲ. ಘಾಟ್ ಇಳಿದರೆ ಸಾಕಿತ್ತು. ನೈಜೀರಿಯಾದ ರಂಟಿ ಮಾರ್ಟಿನ್ಸ್‌ಗೆ, ಓಡಫಾ ಒಕೋಲಿಗೆ ಗೋವಾನೇ ಪರದೇಶ, ಅಲ್ವಾ? ನಾವು ಗೆಳೆಯರು ಸೇರಿಕೊಂಡು ಮಡಗಾಂವ್‌ನ ಫಾತೋರ್ಡಾ ಮೈದಾನಕ್ಕೆ ಹೋಗಿ ಅವರ ಆಟ ನೋಡುತ್ತಿದ್ದೆವು. ರಂಟಿ 2004ರಿಂದ 2012ರ ತನಕ ಗೋವಾದ ಡೆಂಪೊ ಕ್ಲಬ್ ಪರ ಆಡಿದರು. 2011-12ರ ಐ-ಲೀಗ್‌ನಲ್ಲಿ ಒಬ್ಬರೇ 32 ಗೋಲು. ಎಂಟು ವರ್ಷ ಒಂದೇ ಕ್ಲಬ್. ಅರ್ಮಾಂಡೊ ಕೊಲಾಸೊ ಎಂಬ ಒಬ್ಬರೇ ಕೋಚ್. ಬ್ರೆಜಿಲ್‌ನ ಬೆಟೊ, ಗೋವಾದ ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡಾ ಸುತ್ತಮುತ್ತ. ಬೆಟೊ ತಲೆ ಎತ್ತಿದರೆ ಸಾಕು, ರಂಟಿ ಓಡುತ್ತಿದ್ದರು. ಚೆಂಡು ಅಲ್ಲೇ ಬೀಳುತ್ತಿತ್ತು. ಅದನ್ನು ಸ್ಟ್ಯಾಂಡಿನಿಂದ ನೋಡಿದ ಸುಖವೇ ಬೇರೆ. ನೈಜೀರಿಯಾದವರಿಗೆ ಬ್ರೆಜಿಲ್‌ನವರು ಕೊಟ್ಟ ಪಾಸ್, ಅದು ಗೋವಾದ ಮೈದಾನದಲ್ಲಿ. ಅದನ್ನು ನೋಡಿ ಕುಣಿದವರು ನಾವು ಬೆಳಗಾವಿಯ ಮಂದಿ.

ಅದೇ ಸ್ಟ್ಯಾಂಡಿನಲ್ಲಿ ಇನ್ನೊಂದನ್ನೂ ಕೇಳಿದ್ದೇನೆ. ಆಫ್ರಿಕಾದ ಆಟಗಾರ ಒಂದು ಅವಕಾಶ ಕಳೆದುಕೊಂಡರೆ ಸಾಕು, ಅವನ ಮೈಬಣ್ಣದ ಬಗ್ಗೆ ಕೂಗುತ್ತಿದ್ದರು. ನಮ್ಮ ಹುಡುಗರು ಯುರೋಪಿಗೆ ಹೋಗಬೇಕು ಅಂತ ಬಯಸುವ ನಾವು, ನಮ್ಮಲ್ಲಿಗೆ ಬಂದವರನ್ನು ಹೀಗೆ ನೋಡಿಕೊಂಡರೆ ಹೇಗೆ? ಅವರೂ ಯಾರದೋ ಮನೆಯ ಮಕ್ಕಳು. ಬಾಡಿಗೆ ಮನೆ ಹುಡುಕುವಾಗ, ಅಂಗಡಿಯಲ್ಲಿ ನಿಂತಾಗ, ಬಸ್ಸಿನಲ್ಲಿ ಕೂತಾಗ ಎಲ್ಲರೂ ಅವರನ್ನೇ ನೋಡುತ್ತಾರೆ. ಸಂಜೆ ಮೈದಾನಕ್ಕೆ ಬಂದರೆ ಗೋಲು ಹೊಡೆಯಲೇಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಕಾಂಟ್ರಾಕ್ಟ್ ಇಲ್ಲ. ವಿದೇಶಿ ಆಟಗಾರರಿಗೆ ತಂಡದಲ್ಲಿ ಲೆಕ್ಕದ ಜಾಗ. ಅದರಲ್ಲಿ ಒಂದನ್ನು ಸ್ಟ್ರೈಕರ್‌ಗೆ ಕೊಟ್ಟಾಗ ಕ್ಲಬ್ ಅವನಿಂದ ಗೋಲನ್ನೇ ಕೇಳುತ್ತದೆ, ಬೇರೇನೂ ಅಲ್ಲ.

ಎಫ್‌ಸಿ ಗೋವಾಕ್ಕೆ 2017ರಲ್ಲಿ ಬಂದ ಸ್ಪೇನ್‌ನ ಫೆರಾನ್ ಕೊರೊಮಿನಾಸ್ ಅವರನ್ನು ನೆನೆಯದೆ ಈ ಬರಹ ಪೂರ್ತಿಯಾಗುವುದಿಲ್ಲ. ಎಲ್ಲರಿಗೂ ಅವರು ಕೊರೊ. 2006ರಲ್ಲಿ ಲೀಗ್‌ನ ಕೊನೆಯ ದಿನ, ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ಎಸ್ಪಾನ್ಯೊಲ್ ಕ್ಲಬ್ ಕೆಳಗಿನ ಹಂತಕ್ಕೆ ಬೀಳದಂತೆ ಉಳಿಸಿದವರು. ಇಲ್ಲಿಗೆ ಬಂದಾಗ ವಯಸ್ಸು 34. ಮುದುಕರನ್ನು ತಂದರು ಅಂತ ನಮ್ಮ ಚಹಾ ಅಂಗಡಿಯಲ್ಲೂ ಮಾತಾಯಿತು. ಮೊದಲ ಸೀಸನ್‌ನಲ್ಲಿ 18 ಗೋಲು, ಎರಡನೆಯದರಲ್ಲಿ 16, ಮೂರನೆಯದರಲ್ಲಿ 14. ಒಟ್ಟು 48. ಯಾಕೆ ಸಾಧ್ಯವಾಯಿತು? ಅವರ ಕಾಲಿನ ಚಾಣಾಕ್ಷತನ ಇದ್ದೇ ಇತ್ತು. ಜೊತೆಗೆ ಕೋಚ್ ಸೆರ್ಜಿಯೊ ಲೊಬೆರಾ ಸ್ಪೇನ್‌ನವರು. ಜೊತೆಗೆ ಆಡಿದ ಲಾನ್ಸರೋಟೆ, ಎಡು ಬೇಡಿಯಾ ಕೂಡ ಸ್ಪೇನ್‌ನವರು. ಕೊರೊ ಕಲಿತ ಆಟ, ಅವರ ಭಾಷೆ, ಅವರ ಲಯ ಎಲ್ಲವೂ ಅವರ ಸುತ್ತ ಇತ್ತು. ಅದಕ್ಕೆ ಬ್ರೆಂಡನ್ ಫರ್ನಾಂಡಿಸ್, ಮಂದಾರ್ ರಾವ್ ದೇಸಾಯಿ ತರಹದ ಗೋವಾದ ಹುಡುಗರು ಬೇಗ ಹೊಂದಿಕೊಂಡರು. ಚೆಟ್ರಿಗೆ ಲಿಸ್ಬನ್‌ನಲ್ಲಿ ಸಿಗದಿದ್ದುದು ಕೊರೊಗೆ ಮಡಗಾಂವ್‌ನಲ್ಲಿ ಸಿಕ್ಕಿತು. ಹೋಲಿಸುವಾಗ ಇದನ್ನು ಮರೆಯಬಾರದು.

ದೊಡ್ಡ ಹೆಸರೇ ಬೇಕು ಅನ್ನುವ ಹುಡುಗರಿಗೆ ನಾನು ದಿದಿಯೆ ದ್ರೋಗ್ಬಾ ಹೆಸರು ಹೇಳುತ್ತೇನೆ. ಐವರಿ ಕೋಸ್ಟ್‌ನ ಹುಡುಗ. ಐದನೇ ವಯಸ್ಸಿಗೆ ಫ್ರಾನ್ಸ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಸಂಬಂಧಿಯೊಬ್ಬರ ಮನೆಗೆ ಕಳಿಸಿದರು. ಅತ್ತೂ ಅತ್ತೂ ಕೆಲವು ವರ್ಷಕ್ಕೆ ಊರಿಗೆ ಬಂದ, ಮತ್ತೆ ಹೋದ. ಎರಡನೇ ಹಂತದ ಲೆ ಮಾನ್ ಕ್ಲಬ್‌ನಲ್ಲಿ ವರ್ಷಗಟ್ಟಲೆ ಕಳೆದು, ಫ್ರಾನ್ಸ್‌ನ ಮೇಲಿನ ಲೀಗ್‌ಗೆ ಗ್ಯಾಂಗಾಂ ಕ್ಲಬ್ ಮೂಲಕ ಬರುವಾಗ 2002, ವಯಸ್ಸು 24 ಹತ್ತಿರ. ಎರಡೇ ವರ್ಷದಲ್ಲಿ ಫ್ರಾನ್ಸ್‌ನ ಮಾರ್ಸೆಲ್ ಕ್ಲಬ್ ದಾಟಿ ಇಂಗ್ಲೆಂಡಿನ ಚೆಲ್ಸಿ. 2012ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 88ನೇ ನಿಮಿಷದ ಹೆಡರ್ ಎಲ್ಲರಿಗೂ ನೆನಪಿದೆ. ಆ ಕಾರ್ನರ್ ಹೊಡೆದವರು ಹುವಾನ್ ಮಾಟಾ. ಆ ಕಾರ್ನರ್ ಹೊಡೆದವರು ಯಾರು ಅಂತ ಕೇಳಿದರೆ ಅರ್ಧ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ.

ಈಗ ನಮ್ಮ ಓಣಿಯ ಮಾತು. ಒಬ್ಬ ಹುಡುಗ ಇದ್ದಾನೆ, ವಯಸ್ಸು ಹದಿನೈದು. ಎಡಗಾಲಲ್ಲಿ ಚೆಂಡು ಹೊಡೆದರೆ ನೋಡಬೇಕು. ಅವನ ಅಪ್ಪ ಮೊನ್ನೆ ಮನೆಗೆ ಬಂದಿದ್ದರು. ಯಾರೋ ಏಜೆಂಟ್ ಫೋನ್ ಮಾಡಿದ್ದನಂತೆ. ಪೋರ್ಚುಗಲ್‌ನಲ್ಲಿ ಟ್ರಯಲ್, ಆರು ತಿಂಗಳಲ್ಲಿ ಕ್ಲಬ್ ಕಾಂಟ್ರಾಕ್ಟ್, ಮೊದಲು ಇಷ್ಟು ಲಕ್ಷ ಕಟ್ಟಬೇಕು ಅಂತ.

“ಹೊಲ ಅಡವಿಟ್ರ ಆಗತೈತ್ರೀ. ಹುಡುಗನ ನಸೀಬ ಐತೋ ಏನೋ. ಏನ್ ಮಾಡೂಣ್ರೀ?”

ಕಟ್ಟಬೇಡಿ ಅಂದೆ. 18 ವರ್ಷದೊಳಗಿನ ಆಟಗಾರನನ್ನು ಬೇರೆ ದೇಶದ ಕ್ಲಬ್ಬಿಗೆ ಸೇರಿಸಿಕೊಳ್ಳುವಂತಿಲ್ಲ ಅನ್ನುವುದು ಫಿಫಾ ನಿಯಮ. ಕೆಲವು ವಿನಾಯಿತಿಗಳಿವೆ. ತಂದೆ ತಾಯಿ ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದು. ಯುರೋಪಿಯನ್ ಒಕ್ಕೂಟದ ಒಳಗೇ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ 16 ದಾಟಿದ ಹುಡುಗರಿಗೆ ಇನ್ನೊಂದು. ಗಡಿಯ ಹತ್ತಿರವೇ ಮನೆ ಇರುವವರಿಗೆ ಮತ್ತೊಂದು. ಬೆಳಗಾವಿಯ ಹದಿನೈದರ ಹುಡುಗನಿಗೆ ಇವು ಯಾವುದೂ ಹೊಂದುವುದಿಲ್ಲ. ಏಜೆಂಟ್ ಆಗಲು ಈಗ ಫಿಫಾ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಇದೆ. ಲೈಸೆನ್ಸ್ ಇದೆಯಾ ಅಂತ ಕೇಳಿ ಅಂದೆ. ಕೇಳಿದ ಮೇಲೆ ಆ ಕಡೆಯಿಂದ ಫೋನ್ ಬರಲಿಲ್ಲ. ಇಂಥ ಫೋನ್‌ಗಳು ಎಷ್ಟು ಮನೆಗೆ ಬರುತ್ತವೋ, ಎಷ್ಟು ಜನ ಹೊಲ ಕೊಡುತ್ತಾರೋ ಅನ್ನುವ ಚಿಂತೆ ನನ್ನನ್ನು ಬಿಟ್ಟಿಲ್ಲ.

ಆ ದಿನ ಅವರ ಜೊತೆ ಕೂತು ಇನ್ನೊಂದು ನಿಯಮವನ್ನೂ ವಿವರಿಸಿದೆ. ಅದು ನನಗೆ ಬಹಳ ಇಷ್ಟವಾದ ನಿಯಮ. ಕಾಂಟ್ರಾಕ್ಟ್ ಮುಗಿಯುವ ಮೊದಲು ಆಟಗಾರನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ ಹಣ ಕೊಟ್ಟು ಕೊಂಡರೆ, ಆ ಹಣದಲ್ಲಿ ಶೇ 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನ ತನಕ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರ ತನಕ ಪ್ರತಿ ವರ್ಷಕ್ಕೆ ಶೇ 0.25. 16ರಿಂದ 23ರ ತನಕ ಪ್ರತಿ ವರ್ಷಕ್ಕೆ ಶೇ 0.5. ಲೆಕ್ಕ ಹಾಕಿ ನೋಡಿ. ಮುಂದೊಂದು ದಿನ ಒಬ್ಬ ಹುಡುಗ 10 ಕೋಟಿಗೆ ಹೋದ ಅಂದುಕೊಳ್ಳೋಣ. ಅವನಿಗೆ 12ರಿಂದ 15ರ ತನಕ ಆಟ ಕಲಿಸಿದ ಊರಿನ ಕ್ಲಬ್ಬಿಗೆ 10 ಲಕ್ಷ. ಅಷ್ಟಿದ್ದರೆ ಎಷ್ಟು ಜೊತೆ ಬೂಟು, ಎಷ್ಟು ಚೆಂಡು, ಮಳೆಗಾಲದಲ್ಲಿ ಹರಿದುಹೋಗುವ ಎಷ್ಟು ಬಲೆ! ಸ್ಟ್ರೈಕರ್ ಒಬ್ಬನೇ ಹುಟ್ಟುವುದಿಲ್ಲ ಅನ್ನುವುದನ್ನು ಫಿಫಾ ರೂಪಾಯಿ ಲೆಕ್ಕದಲ್ಲೇ ಬರೆದಿಟ್ಟಿದೆ.

ಆದರೆ ಆ ಹಣ ಬರಬೇಕಾದರೆ ಹುಡುಗ ಯಾವ ವಯಸ್ಸಿನಲ್ಲಿ ಯಾವ ಕ್ಲಬ್ಬಿನಲ್ಲಿದ್ದ ಅನ್ನುವುದು ದಾಖಲೆಯಲ್ಲಿ ಇರಬೇಕು. ನಮ್ಮ ಮಕ್ಕಳು ಬಹಳಷ್ಟು ಆಡುವುದು ಶಾಲೆಯ ತಂಡಕ್ಕೆ, ಓಣಿಯ ತಂಡಕ್ಕೆ. ಟೂರ್ನಿ ಬಂದಾಗ ಹೆಸರು ಬರೆಸುತ್ತಾರೆ, ಮುಗಿದ ಮೇಲೆ ಆ ಕಾಗದ ಎಲ್ಲೋ ಹೋಗುತ್ತದೆ. ಕಲಿಸುವ ಕೋಚ್‌ಗಳು ಅರ್ಧ ಜನ ಸಂಬಳ ಇಲ್ಲದೆ ಬರುತ್ತಾರೆ. ಅವರ ಹೆಸರೂ ಎಲ್ಲೂ ಇರುವುದಿಲ್ಲ. ರಾಜ್ಯ ಸಂಸ್ಥೆಗೆ ಸೇರಿದ ಕ್ಲಬ್ ಮೂಲಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ಆ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಅದಕ್ಕೇ ಈಗ ಮೈದಾನದ ಕೋಚ್ ಮತ್ತು ನಾವು ಕೆಲವರು ಹನ್ನೆರಡು ತುಂಬಿದ ಎಲ್ಲ ಮಕ್ಕಳ ಪಟ್ಟಿ ಮಾಡುತ್ತಿದ್ದೇವೆ. ಜನ್ಮ ದಾಖಲೆ, ಆಧಾರ್, ಫೋಟೊ. ಸೈನಿಕರ ಮಕ್ಕಳದ್ದು ಬೇಗ ಸಿಗುತ್ತಿದೆ, ಅವರ ಕಾಗದಪತ್ರ ಯಾವಾಗಲೂ ಸರಿಯಾಗಿರುತ್ತದೆ. ಕೆಲವು ಮಕ್ಕಳ ಜನ್ಮ ದಿನಾಂಕ ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಲು ತಂದೆ ತಾಯಿ ದಿನದ ಕೂಲಿ ಬಿಟ್ಟು ಓಡಾಡಬೇಕು. ಸ್ಟ್ರೈಕರ್ ಆಗುವವನು ಯಾರು, ಡಿಫೆಂಡರ್ ಆಗುವವನು ಯಾರು ಅಂತ ಈ ವಯಸ್ಸಿನಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲರ ಹೆಸರನ್ನೂ ಬರೆಯುತ್ತಿದ್ದೇವೆ, ಎಡಗಾಲಿನ ಆ ಹುಡುಗನಿಗೆ ದಿನಾ ಪಾಸ್ ಕೊಡುವವರ ಹೆಸರನ್ನೂ.